ಪ್ಯಾಟರ್ನ್ ಇಟ್ಟು ಹೊಲಿದ ಸ್ಕರ್ಟ್ ಜಾರುತ್ತಿದೆ, ಅನುಭವ ಇರುವವರು ಹೇಳಿ

ಕೇಳಿದವರು, ದಾವಣಗೆರೆ ಪಿ.ಜೆ. ಬಡಾವಣೆಯಿಂದ:

ಅಕ್ಕ ಅಮೆರಿಕದಿಂದ ಬರುವಾಗ ಎ-ಲೈನ್ ಸ್ಕರ್ಟಿನ ಪೇಪರ್ ಪ್ಯಾಟರ್ನ್ ತಂದುಕೊಟ್ಟಳು. ಬ್ಲೌಸ್, ಮಗಳ ಫ್ರಾಕ್ ಎಲ್ಲ ಮನೆಯಲ್ಲೇ ಹೊಲಿಯುತ್ತೇನೆ, ಆದರೆ ಹೀಗೆ ಕವರಿನಲ್ಲಿ ಬರುವ ಪ್ಯಾಟರ್ನ್ ಇಟ್ಟು ಕತ್ತರಿಸಿದ್ದು ಇದೇ ಮೊದಲು. ನನ್ನ ಸೊಂಟ 34, ಹಿಪ್ 42. ಕವರಿನ ಹಿಂದೆ ವೇಸ್ಟ್ 34ಕ್ಕೆ ಸೈಜ್ 20 ಅಂತ ಇತ್ತು, ಅದನ್ನೇ ಕತ್ತರಿಸಿದೆ. ಈಗ ಸ್ಕರ್ಟ್ ನಿಂತಲ್ಲಿ ನಿಲ್ಲಲ್ಲ. ಜಾರಿ ಕೆಳಗೆ ಬರುತ್ತೆ, ಎರಡೂ ಬದಿಯಲ್ಲಿ ಆನೆ ಕಿವಿ ಥರ ಬಟ್ಟೆ ಉಬ್ಬಿಕೊಳ್ಳುತ್ತೆ, ಉದ್ದ ಬೇರೆ ಜಾಸ್ತಿ ಆಗಿದೆ. ಚೌಕಿಪೇಟೆಯಲ್ಲಿ ಹತ್ತು ಅಂಗಡಿ ಹತ್ತಿಳಿದು ಆರಿಸಿ ತಂದ ಕಾಟನ್ ಅದು. ಕೆಳಗಿನ ಮಡಿಕೆ ಇನ್ನೂ ಹೊಲಿದಿಲ್ಲ. ಉಳಿಸಿಕೊಳ್ಳಬಹುದಾ?

ವಿದ್ಯಾನಗರದಿಂದ, ಮನೆಯಲ್ಲಿ ಹೊಲಿಗೆ ಕಲಿಸುವವಳು:

ಉಳಿಸಬಹುದು. ದೊಡ್ಡದಾದ ಬಟ್ಟೆ ಯಾವತ್ತೂ ಉಳಿಯುತ್ತೆ, ಚಿಕ್ಕದಾದರೆ ತಾನೇ ಕಷ್ಟ. ಆದರೆ ಬಿಚ್ಚುವ ಮುಂಚೆ ಒಂದು ಮಾತು ಹೇಳಿ. ಆ 34 ಎಲ್ಲಿ ಅಳೆದಿದ್ದು? ಸೀರೆ ಉಡುವಾಗ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಲ್ವಾ?

ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ, ನಾನೂ ಎಡವಿದ್ದೇನೆ. ನಾವು ಸೊಂಟ ಅನ್ನುವ ಒಂದೇ ಪದವನ್ನು ಮೂರು ಜಾಗಕ್ಕೆ ಹೇಳುತ್ತೇವೆ. ಲಾಡಿ ಕಟ್ಟುವ ಜಾಗವೂ ಸೊಂಟ, ಮಗುವನ್ನು ಎತ್ತಿಕೊಳ್ಳುವ ಜಾಗವೂ ಸೊಂಟ, ನೋವು ಬರುವುದೂ ಸೊಂಟವೇ. ಪ್ಯಾಟರ್ನಿನವರ ವೇಸ್ಟ್ ಅಂದರೆ ನಮ್ಮ ಅಜ್ಜಿಯರು ಹೇಳುತ್ತಿದ್ದ ನಡು. ಹೊಕ್ಕುಳಕ್ಕಿಂತ ತುಸು ಮೇಲೆ, ಮೈ ಎಲ್ಲಕ್ಕಿಂತ ಸಣ್ಣಗಿರುವ ಜಾಗ. ಹುಡುಕುವುದು ಸುಲಭ. ಒಂದು ಲಾಡಿಯನ್ನು ಸಡಿಲವಾಗಿ ಕಟ್ಟಿಕೊಂಡು ಎಡಕ್ಕೆ, ಬಲಕ್ಕೆ ನಾಲ್ಕು ಸಲ ಬಾಗಿ. ಮೈ ಮಡಚುವ ಜಾಗಕ್ಕೆ ಲಾಡಿ ತಾನೇ ಹೋಗಿ ಕೂರುತ್ತೆ. ಅಲ್ಲಿ ಅಳೆಯಿರಿ, ಉಸಿರು ಬಿಗಿ ಹಿಡಿಯದೆ. ಆಮೇಲೆ ಲಾಡಿಯಿಂದ ಹಿಪ್ಪಿನ ದಪ್ಪ ಜಾಗಕ್ಕೆ ಎಷ್ಟು ಇಳಿತ ಇದೆ ಅಂತಲೂ ಅಳೆಯಿರಿ. ಸಿಂಪ್ಲಿಸಿಟಿ, ಮೆಕಾಲ್ಸ್, ಬಟರಿಕ್, ವೋಗ್ ಅಂತ ಅಮೆರಿಕದ ಪ್ಯಾಟರ್ನ್ ಕಂಪನಿಗಳಿವೆ, ಈ ನಾಲ್ಕರ ಲೆಕ್ಕದಲ್ಲಿ ಅದು 9 ಇಂಚು. ನಮ್ಮಲ್ಲಿ ಕುಳ್ಳಗಿರುವವರಿಗೆ ಏಳೂವರೆ, ಎಂಟಕ್ಕೇ ಬಂದುಬಿಡುತ್ತೆ.

ನಿಮ್ಮ ಸ್ಕರ್ಟಿಗೆ ಆಗಿರುವುದು ಇಷ್ಟು. ನಡುವಿಗೆ ಅಂತ ಕತ್ತರಿಸಿದ ಪಟ್ಟಿಯನ್ನು ನೀವು ಲಾಡಿಯ ಅಳತೆಗೆ ಹೊಲಿದಿದ್ದೀರಿ. ಅದು ನಡುವಿಗೆ ದೊಡ್ಡದು, ಹಾಗಾಗಿ ತನಗೆ ಸರಿಹೊಂದುವ ಜಾಗ ಸಿಗುವವರೆಗೂ ಕೆಳಗೆ ಜಾರುತ್ತೆ. ಜಾರಿದಾಗ ಸ್ಕರ್ಟಿನ ಹಿಪ್ಪು ನಿಮ್ಮ ಹಿಪ್ಪಿನಿಂದ ಎರಡು ಮೂರು ಇಂಚು ಕೆಳಗೆ, ತೊಡೆಯ ಹತ್ತಿರ ಹೋಗಿ ನಿಂತಿತು. ಅಲ್ಲಿ ತುಂಬಲು ಮೈ ಇಲ್ಲ, ಅದಕ್ಕೇ ಆನೆ ಕಿವಿ. ಉದ್ದ ಜಾಸ್ತಿ ಆಗಿದ್ದೂ ಅದಕ್ಕೇ.

ಇನ್ನೊಂದು ವಿಷಯ, ಅಕ್ಕನವರಿಗೂ ಹೇಳಿ. ಅಲ್ಲಿ ಅಂಗಡಿಯಲ್ಲಿ ಕೊಳ್ಳುವ ಬಟ್ಟೆಯ ನಂಬರಿಗೂ ಪ್ಯಾಟರ್ನ್ ನಂಬರಿಗೂ ಸಂಬಂಧ ಇಲ್ಲ. ಅಂಗಡಿಯವರು ವರ್ಷ ಹೋದಂತೆ ಅದೇ ನಂಬರಿನಲ್ಲಿ ದೊಡ್ಡ ದೊಡ್ಡ ಬಟ್ಟೆ ಮಾಡುತ್ತಾ ಬಂದರು, ಕೊಳ್ಳುವವರಿಗೂ ಖುಷಿ. ಪ್ಯಾಟರ್ನ್ ನಂಬರು ಮಾತ್ರ ನಿಂತಲ್ಲೇ ನಿಂತಿತು. ಈ ನಾಲ್ಕು ಕಂಪನಿಗಳ ಪಟ್ಟಿಯಲ್ಲಿ 14 ಅಂದರೆ ವೇಸ್ಟ್ 28, ಹಿಪ್ 38. 16ಕ್ಕೆ 30, 40. 18ಕ್ಕೆ 32, 42. 20ಕ್ಕೆ 34, 44. ಬುರ್ಡಾ ಜರ್ಮನಿಯದು, ಅದರ ನಂಬರೇ ಬೇರೆ. ಅದರ ಮ್ಯಾಗಜೀನಿನ ಪ್ಯಾಟರ್ನಿಗೆ ಮಾರ್ಜಿನ್ (ಹೊಲಿಗೆಯ ಆಚೆ ಬಿಡುವ ಅಂಚು) ಕೂಡ ಸೇರಿರುವುದಿಲ್ಲ, ನಾವೇ ಬಿಡಬೇಕು. ಅಮೆರಿಕದವುಗಳಲ್ಲಿ 5/8 ಇಂಚು ಮಾರ್ಜಿನ್ ಸೇರಿಯೇ ಇರುತ್ತೆ. ಮಾರ್ಜಿನ್ ಸೇರಿಲ್ಲ ಅಂದುಕೊಂಡು ಇನ್ನೊಂದು ಸುತ್ತು ಬಿಟ್ಟು ಕತ್ತರಿಸಿ ಚೀಲ ಮಾಡಿಕೊಂಡವರನ್ನು ನೋಡಿದ್ದೇನೆ. (ನನ್ನನ್ನೇ!)

ಹಳೇಪೇಟೆಯಿಂದ, ಟೈಲರ್:

ಮೇಡಂ ಹೇಳಿದ್ದು ಸರಿ. ನಾವು ಪ್ಯಾಂಟಿಗೆ ವೇಸ್ಟ್ ಬೇರೆ, ಸೀಟ್ ಬೇರೆ ಅಂತ ಬರೆದುಕೊಳ್ಳುತ್ತೇವೆ, ಅದಕ್ಕೆ ನಮಗೆ ಈ ಗೊಂದಲ ಬರಲ್ಲ. ಹೆಣ್ಣುಮಕ್ಕಳ ಬಟ್ಟೆಗೂ ಹಾಗೇ ಬರೆದುಕೊಳ್ಳಿ.

ನನ್ನ ಮಾತು ಮೂರೇ. ಒಂದು, ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೇ ಬೆಡ್‌ಶೀಟಿನಲ್ಲಿ ಒಂದು ಹೊಲಿದು ನೋಡಿ. ಊರಿನ ಮಿಲ್ಲುಗಳು ಓಡುತ್ತಿದ್ದ ಕಾಲದಲ್ಲಿ ಕೋರಾ ಬಟ್ಟೆ ಅಗ್ಗಕ್ಕೆ ಸಿಗುತ್ತಿತ್ತು, ನಮ್ಮ ತಂದೆ ಹೊಸಬರಿಗೆಲ್ಲ ಅದರಲ್ಲೇ ಕತ್ತರಿಸಲು ಕಲಿಸಿದರು. ಎರಡು, ಟ್ರಯಲ್ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಸಾಲದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿ. ಆ ಪ್ಯಾಟರ್ನ್ ಮಾಡಿದವರು ಕುರ್ಚಿಯ ಜನ, ಹಿಪ್ಪಿಗೆ ಸುಮಾರು 2 ಇಂಚು ಲೂಸ್ ಕೊಟ್ಟಿರುತ್ತಾರೆ. ನೀವು ಪೂಜೆಗೆ ಕೂರುತ್ತೀರಿ, ಊಟಕ್ಕೆ ಕೂರುತ್ತೀರಿ. ಕೂತಾಗ ಸೀಟ್ ಅಗಲ ಆಗುತ್ತೆ. ಅದಕ್ಕೆ ಕೂತೇ ಇನ್ನೊಂದು ಸಲ ಟೇಪು ಹಿಡಿಯಿರಿ. ಮೂರು, ಬದಿಯ ಹೊಲಿಗೆ ನೆಟ್ಟಗೆ ಇದೆಯಾ ನೋಡಲು ದಾರಕ್ಕೆ ಬೀಗದ ಕೈ ಕಟ್ಟಿ ಸೊಂಟದಿಂದ ಇಳಿಬಿಡಿ, ಗಾರೆ ಕೆಲಸದವರ ತೂಗುಗುಂಡಿನ ಹಾಗೆ. ಹೊಲಿಗೆಯ ಕೆಳತುದಿ ದಾರ ಬಿಟ್ಟು ಮುಂದಕ್ಕೆ ಹೋಗಿದ್ದರೆ ಹೊಟ್ಟೆ ಎಳೆಯುತ್ತಿದೆ ಅಂತ, ಮುಂದಿನ ಭಾಗಕ್ಕೆ ಬಟ್ಟೆ ಸಾಲದು. ಹಿಂದಕ್ಕೆ ಹೋಗಿದ್ದರೆ ಸೀಟ್ ಎಳೆಯುತ್ತಿದೆ, ಹಿಂಭಾಗಕ್ಕೆ ಬೇಕು. ಹೊಟ್ಟೆ ತುಂಬ ಬೆಣ್ಣೆ ದೋಸೆ ತಿಂದು ಬಂದು ಅಳತೆ ಕೊಡುವವರಿಗೆ ಮಾತ್ರ ನನ್ನ ಹತ್ತಿರ ಔಷಧ ಇಲ್ಲ.

ಚಿತ್ರದುರ್ಗದಿಂದ:

ನನ್ನ ಕಥೆ ನಿಮ್ಮದಕ್ಕೆ ಉಲ್ಟಾ. ನಡು 28, ಹಿಪ್ 41. ನಡು ನೋಡಿ 14 ಕತ್ತರಿಸಿದೆ. ಹಾಕಿಕೊಂಡು ನಿಂತರೆ ಚೆನ್ನಾಗಿತ್ತು, ಆಫೀಸಿಗೆ ನಡೆದು ಹೋಗುವಷ್ಟರಲ್ಲಿ ಮೇಲೇರಿ ಪಟ್ಟಿಯ ಕೆಳಗೆ ಮಡಿಕೆ ಮಡಿಕೆಯಾಗಿ ಕೂತುಬಿಡುತ್ತಿತ್ತು. ನಾನು ಉದ್ದ ಕಡಿಮೆ ಆಯಿತು ಅಂದುಕೊಂಡು ಕೆಳಗೆ ಅಂಚು ಜೋಡಿಸಿದೆ! ಆಮೇಲೆ ಗೊತ್ತಾಯಿತು, ಹಿಪ್ಪಿನಲ್ಲಿ ಬಿಗಿಯಾದ ಸ್ಕರ್ಟು ಸಣ್ಣ ಜಾಗ ಹುಡುಕಿಕೊಂಡು ಮೇಲಕ್ಕೆ ಹತ್ತುತ್ತೆ, ಅಷ್ಟೇ. ಎರಡು ಬದಿ, ಮುಂದೆ ಹಿಂದೆ ಸೇರಿ ನಾಲ್ಕು ಅಂಚು ಇರುತ್ತಲ್ಲ, 5/8 ಮಾರ್ಜಿನಿನಲ್ಲಿ ಕಾಲಿಂಚು ಉಳಿಸಿಕೊಂಡು ಮಿಕ್ಕಿದ್ದು ಬಿಟ್ಟೆ. ಒಟ್ಟು ಒಂದೂವರೆ ಇಂಚು ಸಿಕ್ಕಿತು. ಪೂರ್ತಿ ಸರಿಹೋಗಲಿಲ್ಲ, ಆದರೆ ಹತ್ತುವುದು ಕಡಿಮೆ ಆಯಿತು. ಅದಕ್ಕೇ ಈಗ ಬದಿಯ ಅಂಚಿಗೆ ಒಂದಿಂಚು ಬಿಟ್ಟೇ ಕತ್ತರಿಸುತ್ತೇನೆ.

ಈಗ ಸ್ಕರ್ಟ್ ಅಂದರೆ ಹಿಪ್ ನೋಡಿಯೇ ಸೈಜ್ ತಗೊಳ್ಳುವುದು. 18ರ ಗೆರೆಯಲ್ಲಿ ಹಿಪ್ಪಿನವರೆಗೂ ಬಂದು, ಅಲ್ಲಿಂದ ಮೇಲಕ್ಕೆ 14ರ ಗೆರೆಗೆ ನಿಧಾನವಾಗಿ ಬಾಗಿಸಿ ಸೇರಿಸುತ್ತೇನೆ. ಒಂದೇ ಕಾಗದದ ಮೇಲೆ ಐದು ಸೈಜ್ ಗೆರೆ ಇರುವುದೇ ಇದಕ್ಕೆ. ಪಟ್ಟಿಯನ್ನೂ 14ರದ್ದೇ ತಗೊಳ್ಳಬೇಕು, ಮರೀಬೇಡಿ. ಅಂಬ್ರೆಲಾ ಸ್ಕರ್ಟಿಗೆ ಮಾತ್ರ ಇದು ಬೇಡ, ಅದರಲ್ಲಿ ಹಿಪ್ಪಿಗೆ ಧಾರಾಳ ಬಟ್ಟೆ ಇರುತ್ತೆ, ನಡು ನೋಡಿದರೆ ಸಾಕು. ಆದರೆ ಅದನ್ನು ಹೊಲಿದ ಮೇಲೆ ಒಂದು ಇಡೀ ದಿನ ನೇತು ಹಾಕಿ, ಆಮೇಲೆ ಕೆಳಗಿನ ಮಡಿಕೆ ಹಾಕಿ. ಕ್ರಾಸ್, ಅಂದರೆ ಎಳೆ ಓರೆಯಾಗಿ ಬಂದ ಕಡೆಯೆಲ್ಲ ಬಟ್ಟೆ ಇಳಿಯುತ್ತೆ.

ತೆಳು ಕಾಗದವನ್ನು ಕತ್ತರಿಸಲೇಬೇಡಿ. ಬ್ರೌನ್ ಪೇಪರಿನ ಮೇಲೆ ಟ್ರೇಸ್ ಮಾಡಿಕೊಳ್ಳಿ. ನಾಳೆ ತಂಗಿಗೂ ಬೇಕಾಗುತ್ತೆ.

ದಾವಣಗೆರೆಯಲ್ಲಿ ಓದುತ್ತಿರುವ ಹುಡುಗಿ:

ನನ್ನದು ಪಿಡಿಎಫ್ ಪ್ಯಾಟರ್ನ್. ಕಾಲೇಜಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ 30 ಹಾಳೆ ಪ್ರಿಂಟ್ ಹಾಕಿಸಿದೆ, ರಾತ್ರಿಯೆಲ್ಲ ಕೂತು ಟೇಪ್ ಹಚ್ಚಿದೆ, ಹೊಲಿದೆ, ಬಿಗಿ. ಆ ಅಣ್ಣ 'ಫಿಟ್ ಟು ಪೇಜ್' ಒತ್ತಿದ್ದರು. ಅಮೆರಿಕದ ಲೆಟರ್ ಹಾಳೆ ನಮ್ಮ ಎ4ಗಿಂತ ಸ್ವಲ್ಪ ಅಗಲ, ಅದನ್ನು ಎ4ಗೆ ಕೂರಿಸಲು ಹೋದರೆ ನೂರಕ್ಕೆ ಮೂರು ಭಾಗ ಕುಗ್ಗುತ್ತೆ. ಮೂರು ತಾನೇ ಅನ್ನಬೇಡಿ, 42 ಇಂಚಿನಲ್ಲಿ ಅದು ಒಂದೂಕಾಲು ಇಂಚು! ಮೊದಲ ಹಾಳೆಯಲ್ಲಿ ಅಳೆದು ನೋಡಲು ಒಂದು ಚೌಕ ಇರುತ್ತೆ. ಅದೊಂದು ಹಾಳೆ ಮಾತ್ರ 100 ಪರ್ಸೆಂಟ್‌ನಲ್ಲಿ ಹಾಕಿಸಿ, ಅಲ್ಲೇ ಕೌಂಟರಿನ ಮೇಲೆ ಸ್ಕೇಲ್ ಇಟ್ಟು ನೋಡಿ, ಆಮೇಲೆ ಮಿಕ್ಕಿದ್ದು. ಅಣ್ಣ ಗೊಣಗುತ್ತಾರೆ, ಗೊಣಗಲಿ.

ನಿಟ್ಟುವಳ್ಳಿಯಿಂದ:

ಬಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಎರಡು ಮಾತು. ಕಾಟನ್ ತಂದ ದಿನವೇ ರಾತ್ರಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಿ. ಕವರಿನಲ್ಲಿ ಬಟ್ಟೆಯ ಲೆಕ್ಕ ಯಾರ್ಡಿನಲ್ಲಿರುತ್ತೆ, ನಾವು ಕೊಳ್ಳುವುದು ಮೀಟರು. ಎರಡು ಯಾರ್ಡ್ ಅಂದಲ್ಲಿ ಎರಡು ಮೀಟರ್ ತಂದರೆ ಆರು ಇಂಚಿನಷ್ಟು ಜಾಸ್ತಿಯೇ ಬರುತ್ತೆ, ತೊಂದರೆ ಇಲ್ಲ. ತೊಂದರೆ ಬರುವುದು ಪನ್ನದಲ್ಲಿ, ಅಂದರೆ ಬಟ್ಟೆಯ ಅಗಲದಲ್ಲಿ. ಅವರು 45 ಮತ್ತು 60 ಇಂಚಿನ ಪನ್ನಕ್ಕೆ ಲೆಕ್ಕ ಕೊಟ್ಟಿರುತ್ತಾರೆ. ನಾನು ಆಸೆಪಟ್ಟು ಗುಳೇದಗುಡ್ಡ ಖಣದಲ್ಲಿ ಹೊಲಿಯಲು ಹೋದೆ, ಖಣದ ಪನ್ನ ಚಿಕ್ಕದು, ಮಡಿಸಿ ಇಟ್ಟರೆ ಮುಂದಿನ ಭಾಗ ಹಿಡಿಯಲೇ ಇಲ್ಲ. ಆಮೇಲೆ ಮಡಿಕೆಗೆ ಇಡಿ ಅಂತ ಬರೆದಿದ್ದ ಅಂಚಿಗೆ ಮಾರ್ಜಿನ್ ಕೂಡಿಸಿ ಎರಡು ತುಂಡು ಮಾಡಿ ನಡುವೆ ಒಂದು ಹೊಲಿಗೆ ಹಾಕಿದೆ. ಖಣದ ಬುಟ್ಟಾ ಎರಡೂ ಕಡೆ ಒಂದಕ್ಕೊಂದು ಹೊಂದುವ ಹಾಗೆ ಇಟ್ಟರೆ ಆ ಹೊಲಿಗೆ ಕಾಣುವುದೂ ಇಲ್ಲ. ಕಾಗದದ ಮೇಲಿನ ಬಾಣದ ಗುರುತನ್ನು ಮಾತ್ರ ಕಣ್ಣಂದಾಜಿನಲ್ಲಿ ಇಡಬೇಡಿ. ಬಾಣದ ಎರಡೂ ತುದಿಯಿಂದ ಬಟ್ಟೆಯ ನೇಯ್ದ ಅಂಚಿಗೆ ಟೇಪು ಹಿಡಿಯಿರಿ, ಎರಡೂ ಕಡೆ ಒಂದೇ ಅಳತೆ ಬರಬೇಕು. ಇಲ್ಲದಿದ್ದರೆ ನಾಲ್ಕು ಒಗೆತಕ್ಕೆ ಸ್ಕರ್ಟು ಕಾಲಿಗೆ ಸುತ್ತಿಕೊಳ್ಳಲು ಶುರುಮಾಡುತ್ತೆ.

ಕೇಳಿದವರು:

ಲಾಡಿ ಕಟ್ಟಿಕೊಂಡು ಬಾಗಿ ಅಳೆದೆ. ನಡು 31! ಲಾಡಿಯ ಜಾಗ ಅದಕ್ಕಿಂತ ಎರಡೂವರೆ ಇಂಚು ಕೆಳಗಿದೆ, ಅಲ್ಲೇ 34. ಅಂದರೆ ನಾನು 18 ಕತ್ತರಿಸಬೇಕಿತ್ತು ಅಲ್ವಾ? ಆದರೆ ಅಕ್ಕಾ, ಅಷ್ಟು ಮೇಲೆ ಪಟ್ಟಿ ಬಂದರೆ ನನಗೆ ಆಗಲ್ಲ, ಊಟ ಮಾಡಿದರೆ ಹೊಟ್ಟೆ ಹಿಡಿದ ಹಾಗಾಗುತ್ತೆ. ಲಾಡಿಯ ಜಾಗದಲ್ಲೇ ನಿಲ್ಲಿಸುವುದಕ್ಕೆ ದಾರಿ ಇದೆಯಾ?

ವಿದ್ಯಾನಗರದಿಂದ:

ಇದೆ, ನಾನೂ ಹಾಗೇ ಹಾಕುವುದು. ಮೊದಲು ಪಟ್ಟಿ ಬಿಚ್ಚಿ ತೆಗೆಯಿರಿ. ಬದಿಯ ನಾಲ್ಕು ಅಂಚಿನಲ್ಲೂ ಮೇಲಿಂದ ಕೆಳಗಿನವರೆಗೆ ಅರ್ಧರ್ಧ ಇಂಚು ಒಳಗೆ ಕಚ್ಚಾ ಹೊಲಿಗೆ ಹಾಕಿ. ಒಟ್ಟು 2 ಇಂಚು ಹೋಗಿ 18ರ ಹಿಪ್ಪಿಗೆ ಬಂತು. ಮೆಷಿನ್ನಿನಲ್ಲೇ ಉದ್ದ ಟಾಕಾ ಇಟ್ಟು ಹೊಲಿದರೂ ಆಯಿತು, ಬಿಚ್ಚಲು ಸುಲಭ. ಈಗ ಸ್ಕರ್ಟನ್ನು ನಡುವಿನವರೆಗೂ ಎಳೆದುಕೊಂಡು ನಿಲ್ಲಿ. ಹಿಪ್ಪು ಹಿಪ್ಪಿಗೆ ಕೂರುತ್ತೆ, ಆನೆ ಕಿವಿ ಹೋಗುತ್ತೆ. ಹಾಗೇ ನಿಂತು, ಬಟ್ಟೆಯ ಮೇಲೆಯೇ ಲಾಡಿಯನ್ನು ನೀವು ದಿನಾ ಕಟ್ಟುವ ಜಾಗಕ್ಕೆ ಕಟ್ಟಿ. ಇನ್ನೊಬ್ಬರ ಕೈಯಲ್ಲಿ ಲಾಡಿಯ ಕೆಳ ಅಂಚಿಗೆ ಸುತ್ತಲೂ ಚಾಕ್ ಗೆರೆ ಎಳೆಸಿ. ನೀವೇ ಬಗ್ಗಿ ಎಳೆಯಲು ಹೋದರೆ ಗೆರೆ ಹಾವಿನ ಹಾಗೆ ಬರುತ್ತೆ. ಹಿಂದೆ ಗೆರೆ ಮುಂದಕ್ಕಿಂತ ಅರ್ಧ ಇಂಚು ಕೆಳಗೆ ಬಂದರೆ ಹೆದರಬೇಡಿ, ಸುಮಾರು ಜನರಿಗೆ ಬೆನ್ನಿನ ಕೆಳಗೆ ಹಾಗೆ ತಗ್ಗಿರುತ್ತೆ. ಪಟ್ಟಿಯ ಕೆಳಗೆ ಹಿಂದೆ ಅಡ್ಡ ಮಡಿಕೆ ಬೀಳುವುದೂ ಅದಕ್ಕೇ. ಆ ಗೆರೆಯಿಂದ 5/8 ಮೇಲೆ ಬಿಟ್ಟು ಕತ್ತರಿಸಿ. ಸುತ್ತಳತೆ ಇನ್ನೂ ಜಾಸ್ತಿ ಅನ್ನಿಸಿದರೆ ಹಿಂದಿನ ಟಕ್ಸ್ (ಒಳಗೆ ಹಿಡಿದು ಹೊಲಿದ ಚೂಪು ಮಡಿಕೆ) ಸ್ವಲ್ಪ ಆಳ ಮಾಡಿ.

ಬಿಚ್ಚಿದ ನೇರ ಪಟ್ಟಿಯನ್ನು ಮತ್ತೆ ಹಾಕಬೇಡಿ. ನೇರ ಪಟ್ಟಿ ನಡುವಿಗೆ ಸರಿ. ಕೆಳಗೆ ಕೂತರೆ ಮೈ ಅಲ್ಲಿ ಅಗಲವಾಗುತ್ತಾ ಹೋಗುತ್ತಲ್ಲ, ಪಟ್ಟಿಯ ಮೇಲಂಚು ಬಾಯಿ ಬಿಟ್ಟುಕೊಳ್ಳುತ್ತೆ. ಕತ್ತರಿಸಿದ ಮೇಲೆ ಉಳಿದ ಸ್ಕರ್ಟಿನ ಮೇಲ್ಭಾಗವನ್ನೇ ಕಾಗದದ ಮೇಲೆ ಇಟ್ಟು, ಅದೇ ಬಾಗಿನಲ್ಲಿ 2 ಇಂಚು ಅಗಲದ ತುಂಡು ತೆಗೆದು, ಕ್ಯಾನ್ವಾಸ್ ಅಂಟಿಸಿ ಒಳಗಡೆ ತಿರುಗಿಸಿ ಹೊಲಿಯಿರಿ. ಆ ಹೊಲಿಗೆಯ ಜೊತೆಗೇ ಒಂದು ಕಾಟನ್ ನಾಡಾ ಸೇರಿಸಿದರೆ ಸೊಂಟ ಹಿಗ್ಗಲ್ಲ. ಉದ್ದದ ಚಿಂತೆ ಬೇಡ, ಮೇಲಿಂದ ಎರಡೂವರೆ ಇಂಚು ಹೋದರೆ ಕೆಳಗೆ ತಾನೇ ಸರಿಹೋಗುತ್ತೆ.

ಒಂದು ಮರೆತಿದ್ದೆ, ಮುಖ್ಯವಾದದ್ದು. ಹಿಂದೆ ಜಿಪ್ ಹಾಕಿದ್ದೀರಲ್ಲ, ಮೇಲಿಂದ ಕತ್ತರಿಸುವ ಮುಂಚೆ ಅದರ ರನ್ನರನ್ನು ಗೆರೆಯಿಂದ ಕೆಳಗೆ ಎಳೆದಿಟ್ಟುಕೊಳ್ಳಿ. ನಾನು ಜಿಪ್ ಮುಚ್ಚಿದ ಹಾಗೇ ಕತ್ತರಿಸಿ, ರನ್ನರ್ ಮೇಲಿನ ತುಂಡಿನ ಜೊತೆ ಕೈಗೆ ಬಂದು, ಮತ್ತೆ ಜಿಪ್ ಪೂರ್ತಿ ಬಿಚ್ಚಿ ಹೊಸದು ಹಾಕಿದ್ದೇನೆ. ಎಂಟನೇ ಕ್ಲಾಸಿನ ಮಗ ಇವತ್ತಿಗೂ ಆ ತುಂಡು ತೋರಿಸಿ ನಗುತ್ತಾನೆ. ಕತ್ತರಿಸಿದ ಕೂಡಲೇ ಜಿಪ್ಪಿನ ಎರಡೂ ತುದಿಗೆ ಸೂಜಿಯಲ್ಲಿ ನಾಲ್ಕು ಸುತ್ತು ಹಾಕಿ, ಇಲ್ಲದಿದ್ದರೆ ಎಳೆದಾಗ ರನ್ನರ್ ಮೇಲಿಂದ ಹಾರಿಬಿಡುತ್ತೆ.

ಕೇಳಿದವರು:

ಪಟ್ಟಿ ಬಿಚ್ಚಿದ್ದಾಯಿತು. ಅತ್ತೆ ಚಾಕ್ ಹಿಡಿದು ಗೆರೆ ಎಳೆದುಕೊಟ್ಟರು, ನಾನು ಗೊಂಬೆ ಹಾಗೆ ನಿಂತಿದ್ದೆ. ಹಿಂದೆ ನೀವು ಹೇಳಿದ ಹಾಗೇ ಅರ್ಧ ಇಂಚು ಕೆಳಗೆ ಬಂದಿದೆ. ನೆಲದ ಮೇಲೂ ಕೂತು ನೋಡಿದೆ, ಬಿಗಿ ಇಲ್ಲ. ರನ್ನರ್ ಕೆಳಗೆ ಎಳೆದಿಟ್ಟಿದ್ದೇನೆ, ಎರಡು ಸಲ ನೋಡಿಕೊಂಡೆ. ಈಗ ಕತ್ತರಿ ತಗೊಳ್ಳುತ್ತಿದ್ದೇನೆ.