ಓ2, ಓ3 ಎರಡಕ್ಕೂ ಒಂದೇ ಟೈಮ್ ಬರ್ತಿದೆ, ಯಾಕೆ?

ಪ್ರಶ್ನೆ: ಸಣ್ಣ ಸಣ್ಣ ಸಿ ಪ್ರೋಗ್ರಾಂ ಇಟ್ಟುಕೊಂಡು ಜಿಸಿಸಿ, ಕ್ಲ್ಯಾಂಗ್ ಎರಡು ಕಂಪೈಲರ್‌ಗಳನ್ನೂ ಹೋಲಿಸುತ್ತಿದ್ದೇನೆ. ಮೇಕ್‌ಫೈಲ್‌ನಲ್ಲಿ (ಪ್ರೋಗ್ರಾಂ ಹೇಗೆ ಕಟ್ಟಬೇಕು ಅಂತ ಮೇಕ್ ಟೂಲ್‌ಗೆ ಹೇಳುವ ಫೈಲ್) ಕೋಡ್ ವೇಗವಾಗಿಸುವ ಫ್ಲ್ಯಾಗ್ ಓ2 ತೆಗೆದು, ಅದರ ಮೇಲಿನ ಹಂತದ ಓ3 ಹಾಕಿದರೂ ಓಡುವ ಟೈಮ್ ಅಷ್ಟೇ. ಒಂದು ಪ್ರೋಗ್ರಾಂ ಅಂತೂ 0.00 ಸೆಕೆಂಡ್ ತೋರಿಸುತ್ತದೆ. ಅನುಭವ ಇದ್ದವರು ಹೇಳಿ.

— ಗಡಿಯಾರ ಆಮೇಲೆ, ಮೊದಲು ಮೇಕ್ ಮೇಲೆ ಅನುಮಾನ ಪಡಿ. ಅದು ನೋಡುವುದು ಫೈಲ್ ಬದಲಾದ ಸಮಯ ಮಾತ್ರ. ಸೋರ್ಸ್ ಮುಟ್ಟಿಲ್ಲ ಅಂದರೆ ಹಿಂದೆ ಕಂಪೈಲ್ ಆದ ಹಳೇ ಆಬ್ಜೆಕ್ಟ್ ಫೈಲೇ ಸಾಕು ಅಂದುಕೊಳ್ಳುತ್ತದೆ. ಫ್ಲ್ಯಾಗ್ ಬದಲಾಗಿದ್ದು ಅದರ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನೀವು ಎರಡು ಸಲವೂ ಅಳೆದದ್ದು ಓ2 ಬೈನರಿಯನ್ನೇ ಇರಬೇಕು. ದೊಡ್ಡಕ್ಷರದ ಬಿ ಆಪ್ಷನ್ ಕೊಟ್ಟು ಮೇಕ್ ಮಾಡಿ, ಎಲ್ಲವನ್ನೂ ಹೊಸದಾಗಿ ಕಟ್ಟುತ್ತದೆ. ನಾನಾದರೆ ಪ್ರತಿ ಕಂಪೈಲರ್‌ಗೆ, ಪ್ರತಿ ಫ್ಲ್ಯಾಗ್‌ಗೆ ಬೇರೆ ಬೇರೆ ಫೋಲ್ಡರ್ ಮಾಡುತ್ತೇನೆ. ಆಗ ಯಾವ ಬೈನರಿ ಯಾವುದು ಎಂಬ ಗೊಂದಲವೇ ಇರುವುದಿಲ್ಲ.

ಇನ್ನು 0.00. ಲೂಪಿನ ಉತ್ತರವನ್ನು ಎಲ್ಲೂ ಬಳಸಿಲ್ಲ ಅಂದರೆ ಕಂಪೈಲರ್ ಇಡೀ ಲೂಪನ್ನೇ ಎತ್ತಿಬಿಡುತ್ತದೆ. ಉತ್ತರವನ್ನು ಪ್ರಿಂಟ್ ಮಾಡಿಸಿ. ಇನ್‌ಪುಟ್ ಕೂಡ ಕಮಾಂಡ್ ಲೈನಿನಿಂದ ಬರಲಿ, ಇಲ್ಲದಿದ್ದರೆ ಲೆಕ್ಕವೆಲ್ಲ ಕಂಪೈಲ್ ಆಗುವಾಗಲೇ ಮುಗಿದಿರಬಹುದು.

— ಮೇಕ್‌ಗೆ ಜೆ8 (ಒಟ್ಟಿಗೆ ಎಂಟು ಕೆಲಸ ಮಾಡು ಅನ್ನುವ ಆಪ್ಷನ್) ಕೊಡ್ತಿದ್ದೀರಾ? ಕಂಪೈಲ್ ಮಾಡೋಕೆ ಸರಿ. ಅಳೆಯುವಾಗ ಬೇಡ, ಎಂಟು ಟೆಸ್ಟ್ ಒಟ್ಟಿಗೆ ಓಡಿದರೆ ಕ್ಯಾಶ್‌ಗೆ, ಮೆಮೊರಿಗೆ ಕಿತ್ತಾಟ ಶುರು.

— (ಪ್ರಶ್ನೆ ಕೇಳಿದವನೇ) ಹೊಸದಾಗಿ ಕಟ್ಟಿದ ಮೇಲೆ ವ್ಯತ್ಯಾಸ ಕಾಣಿಸ್ತು, ಥ್ಯಾಂಕ್ಸ್. ಆದರೆ ಟೈಮ್ ಕಮಾಂಡನ್ನು ಮೇಕ್‌ಫೈಲ್ ಒಳಗೇ ಹಾಕಿದರೆ "ನಾಟ್ ಫೌಂಡ್" ಅನ್ನುತ್ತದೆ. ಟರ್ಮಿನಲ್‌ನಲ್ಲಿ ಸರಿಯಾಗಿಯೇ ಓಡುತ್ತೆ! ಉಬುಂಟು ಬಳಸುತ್ತಿದ್ದೇನೆ.

— ಟರ್ಮಿನಲ್‌ನಲ್ಲಿ ಇರುವುದು ಬ್ಯಾಷ್ ಎಂಬ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ), ಟೈಮ್ ಅದರೊಳಗೇ ಇದೆ. ಮೇಕ್ ಕರೆಯುವುದು ಎಸ್‌ಎಚ್ ಅನ್ನು. ಉಬುಂಟುವಿನಲ್ಲಿ ಅದು ಡ್ಯಾಷ್ ಎಂಬ ಬೇರೆ ಶೆಲ್, ಅದರಲ್ಲಿ ಟೈಮ್ ಇಲ್ಲ. ಮೇಕ್‌ಫೈಲ್ ಮೇಲ್ಗಡೆ ಶೆಲ್ ವೇರಿಯಬಲ್‌ಗೆ ಬ್ಯಾಷ್‌ನ ಪಾತ್ ಕೊಡಿ. ಇಲ್ಲವೇ ಗ್ನೂ ಟೈಮ್ ಪ್ಯಾಕೇಜ್ ಹಾಕಿಕೊಳ್ಳಿ.

— ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಅಳೆಯಿರಿ. ಟಾಸ್ಕ್‌ಸೆಟ್ ಕಮಾಂಡ್ ಬಳಸಿ ಪ್ರೋಗ್ರಾಂ ಅನ್ನು ಪ್ರೊಸೆಸರ್‌ನ ಒಂದೇ ಕೋರ್‌ಗೆ ಕಟ್ಟಿಹಾಕಿ. ಹಲವು ಸಲ ಓಡಿಸಿ ಮೀಡಿಯನ್ (ಸಾಲಾಗಿ ಜೋಡಿಸಿದಾಗ ಮಧ್ಯದ ಸಂಖ್ಯೆ) ತೆಗೆದುಕೊಳ್ಳಿ, ಸರಾಸರಿ ನಂಬಬೇಡಿ.

ಇಷ್ಟಾದರೂ ಓ2ಗೂ ಓ3ಗೂ ಕೂದಲೆಳೆಯ ವ್ಯತ್ಯಾಸ ಬಂದರೆ ಹುಷಾರು. ಸಂಶೋಧಕ ಮಿಟ್ಕೊವಿಚ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಗಾತ್ರ, ಆಬ್ಜೆಕ್ಟ್ ಫೈಲ್‌ಗಳನ್ನು ಲಿಂಕ್ ಮಾಡುವ ಕ್ರಮ, ಇವಿಷ್ಟರಿಂದಲೇ ಓ3 ಲಾಭವೋ ನಷ್ಟವೋ ಅನ್ನೋದು ತಿರುಗುಮುರುಗಾಗಬಹುದು ಅಂತ ತೋರಿಸಿದರು. ಲಿಂಕ್ ಕ್ರಮ ನಿಮ್ಮ ಮೇಕ್‌ಫೈಲ್ ಕೈಯಲ್ಲೇ ಇದೆ ಅಲ್ವಾ? ಗ್ನೂ ಮೇಕ್ 3.82ರಲ್ಲಿ ವೈಲ್ಡ್‌ಕಾರ್ಡ್ (ಹೊಂದುವ ಫೈಲ್‌ಗಳನ್ನೆಲ್ಲ ಹುಡುಕಿ ಕೊಡುವ ಫಂಕ್ಷನ್) ಫೈಲ್ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದನ್ನು ನಿಲ್ಲಿಸಿತ್ತು, 4.3ರಲ್ಲಿ ಮತ್ತೆ ಶುರು ಮಾಡಿತು. ಎರಡು ಮೆಷಿನ್‌ನಲ್ಲಿ ಎರಡು ವರ್ಷನ್ ಇದ್ದರೆ ಕ್ರಮ ಬೇರೆಯಾಗಬಹುದು. ವೈಲ್ಡ್‌ಕಾರ್ಡ್ ಸುತ್ತ ಹೆಸರುಗಳನ್ನು ಜೋಡಿಸುವ ಸಾರ್ಟ್ ಫಂಕ್ಷನ್ ಹಾಕಿಬಿಡಿ.