ಮಗನಿಗೆ ಕ್ವಾಂಟಿಟಿ ಸರ್ವೇಯಿಂಗ್ ಡಿಗ್ರಿ ಅಪ್ರೆಂಟಿಸ್‌ಶಿಪ್ ಸಿಕ್ಕಿದೆ, ಇಂಗ್ಲೆಂಡಿನಲ್ಲಿ ಈ ದಾರಿ ಹಿಡಿದವರು ಅನುಭವ ಹೇಳಿ

ರೀಡಿಂಗ್ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗನ ಎ ಲೆವೆಲ್ ಮುಗಿದಿದೆ. ಒಂದು ಕನ್‌ಸ್ಟ್ರಕ್ಷನ್ ಕಂಪನಿಯ ಕಮರ್ಷಿಯಲ್ ವಿಭಾಗದಲ್ಲಿ ಕ್ವಾಂಟಿಟಿ ಸರ್ವೇಯಿಂಗ್, ಅಂದರೆ ಕಟ್ಟಡ ಕೆಲಸದ ಅಳತೆ, ಖರ್ಚು, ಬಿಲ್ಲು ನೋಡಿಕೊಳ್ಳುವ ಕೆಲಸಕ್ಕೆ ಡಿಗ್ರಿ ಅಪ್ರೆಂಟಿಸ್‌ಶಿಪ್ ಆಫರ್ ಬಂದಿದೆ. ಐದು ವರ್ಷ. ವಾರಕ್ಕೆ ನಾಲ್ಕು ದಿನ ಕೆಲಸ, ಒಂದು ದಿನ ಯೂನಿವರ್ಸಿಟಿ. ಸಂಬಳ ವರ್ಷಕ್ಕೆ 21,500 ಪೌಂಡ್. ಫುಲ್ ಟೈಮ್ ಸೀಟೂ ಕೈಯಲ್ಲಿದೆ. ಅವನಿಗೆ ಕೆಲಸಕ್ಕೆ ಸೇರುವ ಆಸೆ, ನಮ್ಮ ಯಜಮಾನರಿಗೆ ಅವನು ಹಾಸ್ಟೆಲ್‌ನಲ್ಲಿದ್ದು ಓದಲಿ ಅಂತ. ಗಣಿತ ಚೆನ್ನಾಗಿದೆ, ಬರೆಯೋದು ಅಷ್ಟಕ್ಕಷ್ಟೇ. ಡ್ರೈವಿಂಗ್ ಬರೋದಿಲ್ಲ. ಶುಕ್ರವಾರದೊಳಗೆ ಉತ್ತರ ಕೊಡಬೇಕು.

ಲೀಡ್ಸ್ ಹುಡುಗ:
ಸೇರಿಸಿ ಆಂಟಿ, ಯೋಚನೆಯೇ ಬೇಡ. ನಾನು 2018ರಲ್ಲಿ ಸೇರಿದೆ, ಈಗ ಚಾರ್ಟರ್ಡ್ ಸರ್ವೇಯರ್ (ವೃತ್ತಿ ಸಂಘದ ಮಾನ್ಯತೆ ಇರುವವನು), ಒಂದು ಪೌಂಡ್ ಸಾಲ ಇಲ್ಲ. ದೊಡ್ಡ ಕಂಪನಿಗಳು 2017ರಿಂದ ಸಂಬಳದ ಮೊತ್ತದ ಮೇಲೆ ಅಪ್ರೆಂಟಿಸ್ ತರಬೇತಿಗೆ ಅಂತ ಸರ್ಕಾರಕ್ಕೆ ಶೇ 0.5 ಲೆವಿ ಕಟ್ಟುತ್ತಿವೆ, ಆ ದುಡ್ಡಲ್ಲೇ ನನ್ನ ಫೀಸು ಹೋಯಿತು. ನನ್ನ ಜೊತೆ ಶಾಲೆಯಲ್ಲಿದ್ದವರು ವರ್ಷಕ್ಕೆ 9,250 ಫೀಸು ಕಟ್ಟಿ, ಅದರ ಮೇಲೆ ಬಾಡಿಗೆ, ಊಟಕ್ಕೂ ಸಾಲ ತೆಗೆದರು. ಈಗ ಸೇರುವವರ ಸ್ಟೂಡೆಂಟ್ ಲೋನ್ ಪ್ಲಾನ್ 5 ಅನ್ನೋ ಬಗೆಯದು. ಸಂಬಳದಲ್ಲಿ 25,000 ಪೌಂಡ್ ದಾಟಿದ ಭಾಗಕ್ಕೆ ಶೇ 9 ಕಡಿತ, ಅದೂ ತೀರದಿದ್ದರೆ 40 ವರ್ಷ. ಮನೆ ಸಾಲಕ್ಕಿಂತ ಉದ್ದ!

ಕೆಲಸವೂ ಅಷ್ಟೇ. ಮೊದಲ ವರ್ಷ ಡ್ರಾಯಿಂಗ್ ನೋಡಿ ಅಳತೆ ತೆಗೆಯೋದು, ಬೇಜಾರು ಬರುತ್ತದೆ, ನಿಜ. ಎರಡನೇ ವರ್ಷಕ್ಕೆ ಡ್ರೈಲೈನಿಂಗ್ (ಪ್ಲಾಸ್ಟರ್ ಬೋರ್ಡ್ ಗೋಡೆ) ಸಬ್‌ಕಾಂಟ್ರ್ಯಾಕ್ಟರ್‌ನ ತಿಂಗಳ ಬಿಲ್ ನನ್ನ ಕೈಗೆ ಬಂತು. ಗೋಡೆ ಅರ್ಧ ಎದ್ದಿದೆ, ಬಿಲ್ಲಿನಲ್ಲಿ ಪೂರ್ತಿ ಹಾಕಿದ್ದಾನೆ. ಸೈಟಿಗೆ ಹೋಗಿ ಮಹಡಿ ಮಹಡಿ ಎಣಿಸಿ ಬಂದು ಅವನೆದುರು ಕೂತು ಕಡಿತ ಮಾಡಿದೆ. ಇದನ್ನು ಯಾವ ಕ್ಲಾಸಿನಲ್ಲಿ ಕಲಿಸುತ್ತಾರೆ ಹೇಳಿ. ಎನ್‌ಇಸಿ ಅನ್ನೋ ಸಿದ್ಧ ಮಾದರಿಯ ಕಾಂಟ್ರ್ಯಾಕ್ಟ್‌ನಲ್ಲಿ ಕಾಂಪೆನ್ಸೇಷನ್ ಈವೆಂಟ್ (ಗುತ್ತಿಗೆದಾರನಿಗೆ ಹೆಚ್ಚು ಹಣ, ಸಮಯ ಸಿಗಬೇಕಾದ ಘಟನೆ) ಗೊತ್ತಾದ ಎಂಟು ವಾರದೊಳಗೆ ನೋಟಿಸ್ ಕೊಡದಿದ್ದರೆ ಬಹಳ ಸಲ ಆ ಹಣ ಕೈತಪ್ಪುತ್ತದೆ. ಫುಲ್ ಟೈಮ್ ಓದಿದವರು ಇದನ್ನು ಪರೀಕ್ಷೆಗೆ ಬರೆದು ಮರೀತಾರೆ. ನನಗೆ ನಿದ್ದೆಯಲ್ಲೂ ನೆನಪಿರುತ್ತದೆ.

ಮಿಲ್ಟನ್ ಕೀನ್ಸ್ ಅಪ್ಪ:
ಸಾಲ ಇಲ್ಲ ಅನ್ನೋದು ಅರ್ಧ ಮಾತು ತಮ್ಮಾ. ನಮ್ಮ ಮಗಳ ಖರ್ಚು ಹೇಳ್ತೀನಿ ಕೇಳಿ. ಸೈಟ್ ಮನೆಯಿಂದ 46 ಮೈಲಿ, ಬೆಳಿಗ್ಗೆ ಏಳೂವರೆಗೆ ಹಾಜರಿ. ಆ ಹೊತ್ತಿಗೆ ಸರಿಯಾದ ಟ್ರೈನ್ ಇಲ್ಲ. ಹಳೇ ಕಾರು 4,200 ಪೌಂಡ್. ಮೊದಲ ವರ್ಷದ ಇನ್ಶೂರೆನ್ಸ್ 2,340, ಅದೂ ಡ್ರೈವಿಂಗ್ ಗಮನಿಸುವ ಕಪ್ಪು ಡಬ್ಬಿ ಹಾಕಿಸಿದ ಮೇಲೆ. ಮೈಲಿಗೆ 45 ಪೆನ್ಸ್ ಕೊಡ್ತೀವಿ ಅಂದಿದ್ದರು. ಆಮೇಲೆ ಆ ಸೈಟೇ ನಿನ್ನ ಖಾಯಂ ಕೆಲಸದ ಜಾಗ, ಮನೆಯಿಂದ ಬರೋದಕ್ಕೆ ಏನೂ ಇಲ್ಲ ಅಂದುಬಿಟ್ಟರು. ಎರಡನೇ ವರ್ಷ ಸೈಟ್ ಹತ್ತಿರ ರೂಮು ಮಾಡಿದಳು. ಆಗ ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿನ ಮನೆ ತೆರಿಗೆ, ಬಂತು. ಫುಲ್ ಟೈಮ್ ವಿದ್ಯಾರ್ಥಿಗೆ ಮಾಫಿ, ಅಪ್ರೆಂಟಿಸ್‌ಗೆ ವಾರದ ಸಂಬಳ 195 ಪೌಂಡ್ ಮೀರಿದರೆ ಇಲ್ಲ!

ಇಷ್ಟೆಲ್ಲ ಆಗಿ ಮೂರನೇ ವರ್ಷ ಕಂಪನಿಯೇ ಮುಳುಗಿತು. 2018ರ ಜನವರಿಯಲ್ಲಿ ಕ್ಯಾರಿಲಿಯನ್ ಬಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಐಎಸ್‌ಜಿ ಬಿತ್ತು, ಅವು ದೊಡ್ಡ ಕನ್‌ಸ್ಟ್ರಕ್ಷನ್ ಕಂಪನಿಗಳು, ಪೇಪರಿನಲ್ಲಿ ಬಂದವು. ಚಿಕ್ಕ ಕಂಪನಿ ಬಿದ್ದರೆ ಯಾರೂ ಬರೆಯಲ್ಲ. ತರಬೇತಿ ಕೆಲವು ವಾರ ನಡೆಯುತ್ತದೆ, ಅಷ್ಟರಲ್ಲಿ ಬೇರೆ ಕಂಪನಿ ಹುಡುಕಿಕೊಳ್ಳಬೇಕು. ಮಗಳು ಅಳುತ್ತಾ ಅರ್ಜಿ ಹಾಕಿದ್ದನ್ನು ನಾನು ನೋಡಿದ್ದೇನೆ. ಫುಲ್ ಟೈಮ್ ಓದುವವರ ಡಿಗ್ರಿಗೆ ಯಾವ ಕಂಪನಿ ಬಿದ್ದರೂ ಏನೂ ಆಗಲ್ಲ.

ದಾವಣಗೆರೆ ಬಿಇ:
ನಾನು ಸಿವಿಲ್ ಬಿಇ ಮುಗಿಸಿ ಬೆಂಗಳೂರಿನಲ್ಲಿ ಬಿಲ್ಲಿಂಗ್ ಎಂಜಿನಿಯರ್ ಆಗಿ ದುಡಿದು 2022ರಲ್ಲಿ ಕ್ಯೂಎಸ್ (ಕ್ವಾಂಟಿಟಿ ಸರ್ವೇಯರ್) ಆಗಿ ಇಲ್ಲಿಗೆ ಬಂದವನು. ಪೂರ್ತಿ ಡಿಗ್ರಿ ಓದಿದವನಿಗೂ ಐದು ವರ್ಷ ವಾರಕ್ಕೊಂದು ದಿನ ಓದಿದವನಿಗೂ ವ್ಯತ್ಯಾಸ ಇರುತ್ತದೆ. ನಮ್ಮ ಆಫೀಸಿನ ಅಪ್ರೆಂಟಿಸ್‌ಗಳಿಗೆ ಎಕ್ಸೆಲ್ ಚೆನ್ನಾಗಿ ಬರುತ್ತದೆ, ಬೀಮಿನಲ್ಲಿ ಕಬ್ಬಿಣ ಯಾಕೆ ಅಲ್ಲೇ ಜಾಸ್ತಿ ಇದೆ ಅಂದರೆ ಗೊತ್ತಿಲ್ಲ. ನನ್ನ ವೀಸಾ ಬದಲಿಸುವ ಹೊತ್ತಿಗೆ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳ 26,200ರಿಂದ 38,700ಕ್ಕೆ ಏರಿತ್ತು. ಎಷ್ಟು ಒದ್ದಾಡಿದ್ದೇನೆ ನನಗೇ ಗೊತ್ತು. ಇಲ್ಲಿನ ಮಕ್ಕಳಿಗೆ ಎಲ್ಲ ತಟ್ಟೆಯಲ್ಲಿಟ್ಟು ಕೊಡ್ತಾರೆ.

ಲೀಡ್ಸ್ ಹುಡುಗ:
ತಟ್ಟೆಯಲ್ಲಿಟ್ಟು? ಶನಿವಾರ, ಭಾನುವಾರ ಅಸೈನ್‌ಮೆಂಟ್ ಬರೆದು ಸೋಮವಾರ ಸೈಟಿಗೆ ಹೋಗಿದ್ದೇನೆ ಸರ್, ಐದು ವರ್ಷ. ಎಪಿಸಿಗೆ (ಚಾರ್ಟರ್ಡ್ ಆಗುವ ಕೊನೆಯ ಪರೀಕ್ಷೆ) 3,000 ಪದಗಳ ಕೇಸ್ ಸ್ಟಡಿ, ಒಂದು ಗಂಟೆ ಸಂದರ್ಶನ. ಅದಕ್ಕೆ ಕೂತಾಗ ನೀನು ಅಪ್ರೆಂಟಿಸ್ ಅಂತ ಯಾರೂ ರಿಯಾಯಿತಿ ಕೊಡಲಿಲ್ಲ. ನೀವು ಎಪಿಸಿ ಮುಗಿಸಿದ್ದೀರಾ?

ದಾವಣಗೆರೆ ಬಿಇ:
ಅದು ಇಲ್ಲಿ ಬೇಡದ ಪ್ರಶ್ನೆ. ವಯಸ್ಸಿಗಾದರೂ ಮರ್ಯಾದೆ ಕೊಡಿ.

ಸ್ಲೌ ಅಕ್ಕ:
ಇಬ್ಬರೂ ಸ್ವಲ್ಪ ಸುಮ್ನಿರಿ. ವೀಸಾ ಮಾತು ಬಂತು ಅಂತ ಹೇಳ್ತೀನಿ. ನಾವು ಡಿಪೆಂಡೆಂಟ್ ವೀಸಾದಲ್ಲಿದ್ದಾಗ ಮಗನಿಗೆ ಸ್ಟೂಡೆಂಟ್ ಲೋನ್ ಇಲ್ಲ ಅಂದರು. ಯೂನಿವರ್ಸಿಟಿ ಹೊರದೇಶದವರ ಫೀಸು ಕೇಳಿತು, ವರ್ಷಕ್ಕೆ 19,000 ಪೌಂಡ್. ಊರಲ್ಲಿ ಸೈಟ್ ಮಾರಬೇಕಾ ಅಂತ ಮಾತಾಗಿತ್ತು. ಅಪ್ರೆಂಟಿಸ್‌ಶಿಪ್‌ಗೆ ಕೇಳಿದ್ದು ಕೆಲಸ ಮಾಡುವ ಹಕ್ಕು ಮತ್ತು ಇಲ್ಲಿ ಮೂರು ವರ್ಷ ವಾಸ. ಎರಡೂ ಇತ್ತು, ಸೇರಿದ. ನೆಂಟರು ಫೋನ್ ಮಾಡಿ ಇಂಗ್ಲೆಂಡಿಗೆ ಹೋಗಿ ಹೆಲ್ಮೆಟ್ ಹಾಕಿಕೊಂಡು ಮೇಸ್ತ್ರಿ ಕೆಲಸಾನಾ ಅಂದರು. ಅಂದುಕೊಳ್ಳಲಿ. ಅವನ ಮೊದಲ ತಿಂಗಳ ಸಂಬಳದಿಂದಲೇ ಅಜ್ಜಿಗೆ ಸೀರೆ ಹೋಯಿತು. ಫೀಸಿಗೆ ಅಂತ ನಾವು ಒಂದು ಪೈಸೆ ಕೊಟ್ಟಿಲ್ಲ.

ಮಿಲ್ಟನ್ ಕೀನ್ಸ್ ಅಪ್ಪ:
ನಿಮಗೆ ಒಳ್ಳೇದಾಯಿತು, ಸಂತೋಷ. ಆದರೆ ಬಾಂಡ್ ವಿಷಯ ಯಾರೂ ಹೇಳುತ್ತಿಲ್ಲ. ಮಗಳು ಎರಡನೇ ಕಂಪನಿ ಬಿಟ್ಟಾಗ 3,100 ಪೌಂಡ್ ವಾಪಸ್ ಕೇಳಿದರು.

ಲೀಡ್ಸ್ ಹುಡುಗ:
ಕೊಡಬೇಡಿ ಅಂಕಲ್! ತರಬೇತಿ ಫೀಸನ್ನು ಅಪ್ರೆಂಟಿಸ್ ಹತ್ತಿರ ವಸೂಲಿ ಮಾಡೋ ಹಾಗಿಲ್ಲ, ಅರ್ಧಕ್ಕೆ ಬಿಟ್ಟರೂ ಇಲ್ಲ. ಸರ್ಕಾರದ ಫಂಡಿಂಗ್ ನಿಯಮದಲ್ಲೇ ಇದೆ. ಸುಮ್ನೆ ಜನರನ್ನು ಹೆದರಿಸ್ತಿದ್ದೀರಿ.

ಮಿಲ್ಟನ್ ಕೀನ್ಸ್ ಅಪ್ಪ:
ಹೆದರಿಸುತ್ತಿದ್ದೀನಾ? ದುಡ್ಡು ಹೋಗಿದ್ದು ನಂದು. ನಿಮಗೆ ಒಳ್ಳೇ ಕಂಪನಿ ಸಿಕ್ಕಿತು ಅಂತ ಎಲ್ಲರಿಗೂ ಸಿಗುತ್ತಾ?

ಸ್ಲೌ ಅಕ್ಕ:
ಅಣ್ಣಾ, ಆ ಕಾಗದದಲ್ಲಿ ಏನಂತ ಬರೆದಿತ್ತು? ಅದನ್ನು ಹೇಳಿ, ಕೇಳಿದವರಿಗೂ ಉಪಯೋಗ ಆಗುತ್ತದೆ.

ಮಿಲ್ಟನ್ ಕೀನ್ಸ್ ಅಪ್ಪ:
ತರಬೇತಿ ಫೀಸು ಅಂತ ಎಲ್ಲೂ ಇರಲಿಲ್ಲ, ಅಷ್ಟು ಹುಷಾರಾಗಿದ್ದರು. ವೃತ್ತಿ ಸಂಘದ ಸದಸ್ಯತ್ವದ ಹಣ, ಹೋಟೆಲ್ ಬಿಲ್, ಲ್ಯಾಪ್‌ಟಾಪ್, ಊರು ಬದಲಿಸಲು ಕೊಟ್ಟ 1,500 ಅಂತ ಬಿಡಿ ಬಿಡಿಯಾಗಿ ಬರೆದಿದ್ದರು. ಎರಡು ವರ್ಷದೊಳಗೆ ಬಿಟ್ಟರೆ ಕೊನೆಯ ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ ಅಂತ ಕೆಳಗೆ ಒಂದು ಸಾಲು. ರೀಡಿಂಗ್ ಮೇಡಂ, ಸಹಿ ಮಾಡುವ ಮೊದಲು ಆ ಪುಟ ಕೇಳಿ ತರಿಸಿಕೊಳ್ಳಿ. ಮೈಲಿ ದುಡ್ಡು ಯಾವ ಆಫೀಸಿನಿಂದ ಲೆಕ್ಕ ಅನ್ನೋದನ್ನೂ ಬರವಣಿಗೆಯಲ್ಲಿ ಕೇಳಿ. ಫೋನಿನಲ್ಲಿ ಹೇಳಿದರೆ ಒಪ್ಪಬೇಡಿ.