ಹಳೇ ವ್ಯಾಕ್ಯೂಮ್ ಕ್ಲೀನರ್: ಹೊಸ ಬೆಲ್ಟ್ ಹಾಕಿದ್ರೂ ಜಾರ್ತಾ ಇದೆ, ರಬ್ಬರ್ ಸುಟ್ಟ ವಾಸನೆ

ಹಳೇಮಷೀನು:
ಎಲ್ಲರಿಗೂ ನಮಸ್ಕಾರ. ನನ್ಹತ್ರ ಒಂದು ಹಳೇ ವ್ಯಾಕ್ಯೂಮ್ ಕ್ಲೀನರ್ ಇದೆ, ನಿಂತ್ಕೊಂಡು ತಳ್ಳೋ ಟೈಪು, ಕೆಳಗಡೆ ಉದ್ದಕ್ಕೂ ಬ್ರಷ್ ರೋಲರ್ ತಿರುಗುತ್ತಲ್ಲ ಅದು. ಮೋಟಾರ್ ಗಟ್ಟಿಮುಟ್ಟಾಗಿದೆ, ಎಳೆಯೋದೂ ಚೆನ್ನಾಗೇ ಎಳೆಯುತ್ತೆ, ಆದ್ರೆ ಕಾರ್ಪೆಟ್ ಮೇಲೆ ಇಟ್ಟ ತಕ್ಷಣ ಬ್ರಷ್ ನಿಧಾನ ಆಗ್ತಾ ಆಗ್ತಾ ನಿಂತೇ ಹೋಗುತ್ತೆ, ಎತ್ತಿ ಹಿಡಿದ್ರೆ ಮತ್ತೆ ತಿರುಗುತ್ತೆ. ಜೊತೆಗೆ ರಬ್ಬರ್ ಸುಟ್ಟ ವಾಸನೆ. ಬೆಲ್ಟ್ ಹಿಗ್ಗಿರಬೇಕು ಅಂತ ಹೊಸದು ಹಾಕಿದೆ, ಒಂದೆರಡು ವಾರ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಬಿಚ್ಚಿ ನೋಡಿದ್ರೆ ಹೊಸ ಬೆಲ್ಟಿನ ಒಳಮುಖ ಆಗಲೇ ಫಳಫಳ ಅಂತ ಹೊಳೀತಾ ಇದೆ, ಒಂದು ಕಡೆ ಕಪ್ಪಗೆ ಕರಗಿದ ಗುರುತೂ ಇದೆ. ಬೆಲ್ಟೇ ಕಳಪೆನಾ, ಇಲ್ಲ ಬೇರೆ ಏನಾದ್ರೂ ತೊಂದರೆನಾ? ಈ ಮಷೀನ್ ಬಿಸಾಕೋಕೆ ಮನಸ್ಸಿಲ್ಲ, ದಯವಿಟ್ಟು ತಿಳಿದವರು ಹೇಳಿ.

ಸ್ಪ್ಯಾನರ್:
ಸರ್, ಇನ್ನೊಂದು ಬೆಲ್ಟ್ ತರೋಕೆ ಮುಂಚೆ ರೋಲರ್ ನೋಡಿ. ಬೆಲ್ಟ್ ಜಾರೋದಕ್ಕೆ ಬಹಳಷ್ಟು ಸಲ ಬೆಲ್ಟ್ ಕಾರಣ ಅಲ್ಲವೇ ಅಲ್ಲ, ಅದು ಪಾಪ ಏಟು ತಿನ್ನೋದು ಅಷ್ಟೇ. ರೋಲರ್ ಬಿಗಿಯಾಗಿ ಹಿಡ್ಕೊಂಡಿದ್ರೆ ಎಷ್ಟು ಒಳ್ಳೇ ಬೆಲ್ಟ್ ಹಾಕಿದ್ರೂ ಮೋಟಾರ್ ಶಾಫ್ಟ್ (ಮೋಟಾರಿಂದ ಆಚೆ ಬಂದು ತಿರುಗೋ ಕಡ್ಡಿ) ಹತ್ರ ಜಾರಲೇಬೇಕು. ಯಾಕಂದ್ರೆ ಶಾಫ್ಟ್ ಸಣ್ಣದು, ಬೆಲ್ಟ್ ಅದನ್ನ ಅಪ್ಪಿಕೊಳ್ಳೋ ಜಾಗನೂ ಕಮ್ಮಿ. ಮೋಟಾರು ನಿಮಿಷಕ್ಕೆ 10,000 ಸುತ್ತಿಗಿಂತ ಜಾಸ್ತಿ ತಿರುಗ್ತಿರುತ್ತೆ, ಬೆಲ್ಟ್ ನಿಂತಲ್ಲೇ ನಿಂತು ಶಾಫ್ಟ್ ಮಾತ್ರ ಒಳಗೆ ಉಜ್ತಾ ಇದ್ರೆ ಸ್ವಲ್ಪ ಹೊತ್ತಿಗೇ ಅಲ್ಲಿ ರಬ್ಬರ್ ಕರಗುತ್ತೆ. ನೀವು ಹೇಳಿದ ಆ ಒಂದೇ ಕಡೆ ಕಪ್ಪು ಗುರುತು ಅದೇ.

ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು, ಬೆರಳು ಬ್ರಷ್ ಹತ್ರ ಹೋಗುತ್ತೆ. ಕೆಳಗಿನ ತಟ್ಟೆ ಬಿಚ್ಚಿ, ಬೆಲ್ಟ್ ತೆಗೆದು ರೋಲರನ್ನ ಅದರ ಜಾಗದಲ್ಲೇ ವಾಪಸ್ ಕೂರಿಸಿ ಒಂದು ಬೆರಳಲ್ಲಿ ತಿರುಗಿಸಿ ಬಿಡಿ. ನಾಕಾರು ಸುತ್ತು ತಾನೇ ತಾನಾಗಿ ತಿರುಗಬೇಕು. ತಿರುಗಿಸಿದ ಕೂಡ್ಲೇ ಗಕ್ಕಂತ ನಿಂತ್ರೆ ಅಥವಾ ಗರಗರ ಶಬ್ದ ಬಂದ್ರೆ ರೋಗ ಅಲ್ಲೇ ಇದೆ.

ಹಳೇಮಷೀನು:
ತುಂಬಾ ಥ್ಯಾಂಕ್ಸ್ ಸರ್. ಮಾಡಿ ನೋಡಿದೆ, ಅರ್ಧ ಸುತ್ತೂ ತಿರುಗಲಿಲ್ಲ, ಅಲ್ಲೇ ನಿಲ್ತು. ಆದ್ರೆ ಬ್ರಷ್ ಮೇಲೆ ಸುತ್ಕೊಂಡಿದ್ದ ಕೂದಲೆಲ್ಲ ಹೊಸ ಬೆಲ್ಟ್ ಹಾಕುವಾಗಲೇ ಕತ್ತರಿಸಿ ತೆಗೆದಿದ್ದೆ, ಈಗ ಹೊರಗಡೆ ಏನೂ ಕಾಣ್ತಿಲ್ಲ. ಮತ್ತೆ ಎಲ್ಲಿ ಹಿಡೀತಾ ಇರಬಹುದು?

ಸ್ಪ್ಯಾನರ್:
ಎರಡೂ ತುದಿಯ ಕ್ಯಾಪ್ ಒಳಗೆ ಸರ್. ಹೊರಗೆ ಕಾಣೋ ಕೂದಲು ಅಂಥಾ ತೊಂದರೆ ಕೊಡಲ್ಲ, ಒಳಗೆ ನುಸುಳಿರೋದೇ ಕೊಡೋದು. ಕ್ಯಾಪ್ ಕೆಲವದ್ರಲ್ಲಿ ಎಳೆದ್ರೆ ಬರುತ್ತೆ, ಕೆಲವದ್ರಲ್ಲಿ ತಿರುಗಿಸಿ ಬಿಚ್ಚಬೇಕು, ಬಲವಂತ ಮಾಡ್ಬೇಡಿ, ಹಳೇ ಪ್ಲಾಸ್ಟಿಕ್ ಬಿರುಕು ಬಿಡುತ್ತೆ. ಒಳಗೆ ಕೂದಲು, ದಾರ, ಧೂಳು ಎಲ್ಲ ಸೇರಿ ಬೇರಿಂಗ್ ಸುತ್ತ ಗಟ್ಟಿ ಬಿಲ್ಲೆ ಆಗಿ ಕೂತಿರುತ್ತೆ, ಚೂಪಾದ ಬ್ಲೇಡಿಂದ ಒಂದು ಕಡೆ ಸೀಳಿ ಚಿಮ್ಮಟದಲ್ಲಿ ಎಳೆದ್ರೆ ಪೂರ್ತಿ ಬರುತ್ತೆ.

ಆಮೇಲೆ ಬೇರಿಂಗ್ ಯಾವ ಥರದ್ದು ನೋಡಿ. ಬರೀ ಬುಶ್, ಅಂದ್ರೆ ಗುಂಡುಗಳಿಲ್ಲದ ಸಣ್ಣ ಕೊಳವೆ ಇದ್ದು, ಅದರೊಳಗೆ ರೋಲರಿನ ಕಡ್ಡಿ ತಿರುಗೋ ಥರ ಇದ್ರೆ ಒರೆಸಿ ಹೊಲಿಗೆ ಮಷೀನ್ ಎಣ್ಣೆ ಒಂದೇ ಒಂದು ಹನಿ ಬಿಡಿ. ಅಡುಗೆ ಎಣ್ಣೆ ಮಾತ್ರ ಬೇಡ, ಧೂಳು ಸೇರಿ ಗೋಂದಾಗುತ್ತೆ. ಮುಚ್ಚಿದ ಬಾಲ್ ಬೇರಿಂಗ್ ಆಗಿದ್ದು ಕೈಲಿ ತಿರುಗಿಸಿದಾಗ ಒರಟು ಅನ್ಸಿದ್ರೆ ಎಣ್ಣೆಯಿಂದ ಸರಿ ಹೋಗಲ್ಲ, ಬದಲಾಯಿಸಬೇಕು.

ಕೈಕೆಲಸ:
ಮೇಲೆ ಹೇಳಿದ್ದೆಲ್ಲ ಸರಿ, ನಂದೊಂದು ಸೇರಿಸ್ತೀನಿ. ಮೋಟಾರ್ ಶಾಫ್ಟ್ ಕ್ಲೀನ್ ಮಾಡದೆ ಬೆಲ್ಟ್ ಹಾಕ್ಲೇಬೇಡಿ. ಕರಗಿದ ರಬ್ಬರ್ ಅಲ್ಲಿ ತೆಳ್ಳಗೆ ಪದರ ಕಟ್ಟಿರುತ್ತೆ, ಬೆರಳ ಉಗುರಲ್ಲಿ ಕೆರೆದ್ರೆ ಗೊತ್ತಾಗುತ್ತೆ. ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನೋ ಸ್ಪಿರಿಟ್ ಹಚ್ಚಿ ಉಜ್ಜಿ, ಒಣಗಿದ ಮೇಲೆ ಬೆಲ್ಟ್ ಹಾಕಿ. ಸ್ಯಾಂಡ್ ಪೇಪರ್ ಹಾಕಿ ಶಾಫ್ಟ್ ಒರಟು ಮಾಡಿದ್ರೆ ಹಿಡಿತ ಬರುತ್ತೆ ಅಂತ ಕೆಲವರು ಹೇಳ್ತಾರೆ, ದಯವಿಟ್ಟು ಮಾಡ್ಬೇಡಿ, ಆ ಗೀರುಗಳು ಹೊಸ ಬೆಲ್ಟನ್ನ ಅರದ ಹಾಗೆ ತಿಂದು ಹಾಕ್ತವೆ.

ಹಳೇಮಷೀನು:
ಬೆಲ್ಟಿಗೆ ಅಂಟು ಬರೋಕೆ ರಾಳದ ಪುಡಿ ಹಚ್ಚಿದ್ರೆ ಹೇಗೆ? ಪರಿಚಯದವರೊಬ್ರು ಹೇಳಿದ್ರು, ಅವರ ದೊಡ್ಡ ಮಷೀನಿನ ಬೆಲ್ಟಿಗೆ ಹಚ್ತಾರಂತೆ.

ಕೈಕೆಲಸ:
ಇಲ್ಲಿ ಬೇಡ. ಇದರ ಬೆಲ್ಟ್ ಇರೋದೇ ಧೂಳು ಹಾರೋ ಜಾಗದಲ್ಲಿ, ಅಂಟಿಗೆ ಧೂಳು ಮೆತ್ಕೊಂಡು ಎರಡು ದಿನಕ್ಕೆ ಮೊದಲಿಗಿಂತ ಕೆಟ್ಟದಾಗಿ ಜಾರುತ್ತೆ. ಇನ್ನೂ ಮುಖ್ಯ ಏನಂದ್ರೆ ಬಿಗಿ ಹಿಡ್ಕೊಂಡಿರೋ ರೋಲರಿಗೆ ಅಂಟು ಹಾಕಿ ಎಳೆಸಿದ್ರೆ ಆ ಭಾರ ಎಲ್ಲ ಮೋಟಾರ್ ಮೇಲೆ ಬೀಳುತ್ತೆ. ಈಗ ಬೆಲ್ಟ್ ಜಾರಿ ಮೋಟಾರನ್ನ ಉಳಿಸ್ತಾ ಇದೆ ಅಂತ ಇಟ್ಕೊಳ್ಳಿ.

ರಬ್ಬರ್_ಪಟ್ಟಿ:
ಬೆಲ್ಟ್ ಸೈಜ್ ಬಗ್ಗೆ ಯಾರೂ ಕೇಳಲಿಲ್ಲ, ಅದನ್ನೂ ನೋಡ್ಕೊಳ್ಳಿ. ಹಳೇ ಬೆಲ್ಟ್ ಅಳತೆ ತಗೊಂಡು ಹೊಸದು ತಂದ್ರೆ ಮೋಸ ಹೋಗ್ತೀರಿ, ಅದು ಆಗಲೇ ಹಿಗ್ಗಿರುತ್ತೆ. ಮಷೀನಿನ ಹಿಂದೆ ಅಥವಾ ತಳದಲ್ಲಿ ಸ್ಟಿಕ್ಕರ್ ಇರುತ್ತೆ, ಅದರಲ್ಲಿರೋ ಮಾಡೆಲ್ ನಂಬರ್ ಹಿಡ್ಕೊಂಡು ತರಬೇಕು. ಸರಿಯಾದ ಚಪ್ಪಟೆ ಬೆಲ್ಟ್ ಆದ್ರೆ ಹಾಕುವಾಗ ರೋಲರನ್ನ ಸ್ವಲ್ಪ ಬಲ ಹಾಕಿ ಎಳೆದು ಕೂರಿಸಬೇಕಾಗುತ್ತೆ, ಸಲೀಸಾಗಿ ಕೂತ್ಬಿಟ್ರೆ ಅದು ಸಡಿಲ ಅಂತಲೇ ಲೆಕ್ಕ. ಹಲ್ಲಿರೋ ಬೆಲ್ಟ್ ಬರೋ ಮಷೀನುಗಳ ವಿಷ್ಯ ಬೇರೆ, ಅದು ಹಿಗ್ಗಲ್ಲ, ಅದರಲ್ಲಿ ಟಕಟಕ ಶಬ್ದ ಬಂದ್ರೆ ಹಲ್ಲು ಸವೆದಿದೆ ಅಂತ.

ಇನ್ನೊಂದು, ಕೆಲವು ಹಳೇ ಮಷೀನಲ್ಲಿ ಮೋಟಾರ್ ಶಾಫ್ಟ್ ಮುಂದಕ್ಕೆ ಮುಖ ಮಾಡಿರುತ್ತೆ, ರೋಲರ್ ಅಡ್ಡಕ್ಕಿರುತ್ತೆ, ಅಲ್ಲಿ ಬೆಲ್ಟನ್ನ ತಿರುಚಿ ಹಾಕಬೇಕು. ಯಾವ ಕಡೆ ತಿರುಚಬೇಕು ಅಂತ ಬಾಣದ ಗುರುತು ಇದೆಯಾ ಹುಡುಕಿ. ಉಲ್ಟಾ ತಿರುಚಿದ್ರೆ ಬ್ರಷ್ ಉಲ್ಟಾ ತಿರುಗುತ್ತೆ, ಕಸ ಒಳಗೆ ಹೋಗೋ ಬದ್ಲು ಮುಂದಕ್ಕೆ ಎರಚುತ್ತೆ, ಮಷೀನೂ ಮುಂದೆ ಹೋಗೋಕೆ ಒಲ್ಲೆ ಅಂತ ನಿಮ್ಮ ಕಡೆಗೇ ತಳ್ಳುತ್ತೆ.

ಹಳೇಮಷೀನು:
ನಮ್ದು ನೇರ ಬೆಲ್ಟ್, ತಿರುಚೋದಿಲ್ಲ, ಸೈಜೂ ಮಾಡೆಲ್ ನಂಬರ್ ಪ್ರಕಾರಾನೇ ಇದೆ. ಕ್ಯಾಪ್ ಬಿಚ್ಚಿದೆ. ಬೆಲ್ಟ್ ಇರೋ ಕಡೆ ಕ್ಯಾಪಿನಲ್ಲಿ ಸ್ವಲ್ಪ, ಆದ್ರೆ ಆ ಕಡೆದ್ರಲ್ಲಿ ಉದ್ದ ಕೂದಲು ಪದರ ಪದರ ಸುತ್ಕೊಂಡು ಎಷ್ಟು ಬಿಗಿಯಾಗಿತ್ತು ಅಂದ್ರೆ ಬ್ಲೇಡ್ ಇಳಿಯೋದೇ ಕಷ್ಟ ಆಯ್ತು, ಕ್ಯಾಪಿನ ಅಂಚು ಬಿಸಿಗೆ ಕಂದು ಬಣ್ಣಕ್ಕೆ ತಿರುಗಿದೆ. ಎಲ್ಲ ತೆಗೆದು ಒಂದು ಹನಿ ಎಣ್ಣೆ ಬಿಟ್ಟೆ, ಬುಶ್ ಥರದ್ದೇ ಇದೆ. ಈಗ ತಿರುಗಿಸಿ ಬಿಟ್ರೆ ಐದಾರು ಸುತ್ತು ಸಲೀಸಾಗಿ ಹೋಗುತ್ತೆ, ಖುಷಿ ಆಯ್ತು! ಶಾಫ್ಟೂ ಒರೆಸಿದೆ, ಬಟ್ಟೆ ಪೂರ್ತಿ ಕಪ್ಪಾಯ್ತು. ಈಗ ಆ ಹೊಳಪು ಬಂದಿರೋ ಬೆಲ್ಟನ್ನೇ ವಾಪಸ್ ಹಾಕಬಹುದಾ? ಒಳಗಿನ ಮುಖ ಹೊರಗೆ ಮಾಡಿ ಹಾಕಿದ್ರೆ?

ಸ್ಪ್ಯಾನರ್:
ಸೂಪರ್ ಸರ್! ತಿರುವಿ ಹಾಕಿದ್ರೆ ಸ್ವಲ್ಪ ದಿನ ನಡೀಬಹುದು, ಪರೀಕ್ಷೆ ಮಾಡೋಕೆ ಸಾಕು, ಆದ್ರೆ ಕರಗಿದ ಜಾಗದಲ್ಲಿ ತೆಳುವಾಗಿರೋದ್ರಿಂದ ಅಲ್ಲೇ ಕಿತ್ಕೊಳ್ಳುತ್ತೆ, ಬಿಸಿಗೆ ಹಿಗ್ಗಿರೋದೂ ವಾಪಸ್ ಕುಗ್ಗಲ್ಲ. ಹೊಸದು ತಂದು ಹಾಕಿ. ಆ ಕಂದು ಬಣ್ಣದ ಕ್ಯಾಪಲ್ಲಿ ಕಡ್ಡಿ ಅಲ್ಲಾಡುತ್ತಾ ನೋಡಿ, ತೂತು ಉದ್ದುದ್ದಕ್ಕೆ ಸವೆದಿದ್ರೆ ರೋಲರ್ ಓರೆ ಆಗಿ ಬೆಲ್ಟ್ ಒಂದು ಬದಿಗೆ ಜರುಗುತ್ತೆ, ಅಂಚು ನೂಲು ನೂಲಾಗುತ್ತೆ. ಹಂಗಿದ್ರೆ ಕ್ಯಾಪೂ ಬದಲಾಯಿಸಿ.

ಕೈಕೆಲಸ:
ಹೈಟ್ ಅಡ್ಜಸ್ಟ್ ಮಾಡೋ ನಾಬ್ ಇದ್ರೆ ದಪ್ಪ ಕಾರ್ಪೆಟ್ಟಿಗೆ ಒಂದು ಹಂತ ಮೇಲಕ್ಕಿಡಿ. ಬ್ರಷ್ ಕೂದಲಿನ ತುದಿ ಮಾತ್ರ ಕಾರ್ಪೆಟ್ಟಿಗೆ ತಾಗಬೇಕು, ರೋಲರ್ ಒಳಗೆ ಹೂತ್ಕೊಂಡ್ರೆ ಎಲ್ಲ ಸರಿ ಇದ್ರೂ ಬೆಲ್ಟ್ ಜಾರುತ್ತೆ.

ಹಳೇಮಷೀನು:
ನಾಬ್ ತೀರಾ ಕೆಳಗಿನ ಹಂತದಲ್ಲೇ ಇತ್ತು, ಎರಡು ಹಂತ ಏರಿಸಿದೆ. ಕ್ಯಾಪ್ ಸ್ವಲ್ಪ ಅಲ್ಲಾಡ್ತಿದೆ, ಬೆಲ್ಟ್ ಜೊತೆಗೆ ಅದನ್ನೂ ತರಿಸ್ತೀನಿ. ಸದ್ಯಕ್ಕೆ ಹಳೇ ಬೆಲ್ಟ್ ತಿರುವಿ ಹಾಕಿ ಓಡಿಸಿದೆ, ಕಾರ್ಪೆಟ್ ಮೇಲೂ ನಿಲ್ಲದೆ ತಿರುಗ್ತಿದೆ, ವಾಸನೆ ಇಲ್ಲ. ಎಲ್ಲರಿಗೂ ತುಂಬಾ ಧನ್ಯವಾದ.